ನೂರೆಂಬತ್ತು ದೇಶ, ಒಂದು ಚಿಲಕ

ಒಂದೂರಲ್ಲಿ ಒಬ್ಬ ರಾಕ್ಷಸ ಇದ್ದನಂತೆ. ಅವನ ಜೀವ ಅವನ ಮೈಯೊಳಗೆ ಇರಲಿಲ್ಲವಂತೆ.

"ಮತ್ತೆ ಎಲ್ಲಿತ್ತಜ್ಜಿ?" ಎಂದು ನಾನು ಕೇಳುವುದಕ್ಕೂ ಗೋಡೆಯ ಕಿಂಡಿಯಲ್ಲಿ ಮೇಸ್ತ್ರಿಯ ಮೂತಿ ಕಾಣಿಸುವುದಕ್ಕೂ ಸರಿಹೋಯಿತು.

"ಏ ಮುದಿಗೂಬೆ, ಕಥೆ ಹೇಳೋಕೆ ಇಟ್ಕೊಂಡಿದೀನಾ ನಿನ್ನ? ಆ ಮೂಲೆ ಸುಕ್ಕು ನೋಡು, ನಿನ್ನ ಮುಖದ ಥರಾನೇ ಇದೆ. ಬಾವುಟ ಕಣೇ ಅದು, ನಿಮ್ಮಪ್ಪನ ಲಂಗೋಟಿ ಅಲ್ಲ."

"ನಮ್ಮಪ್ಪನ ಲಂಗೋಟಿ ಆಗಿದ್ರೆ ಇಷ್ಟೊತ್ತು ಹಿಡೀತಾನೇ ಇರ್ಲಿಲ್ಲ ಮೇಸ್ತ್ರಿ," ಎಂದಳು ಅಜ್ಜಿ, ಇಸ್ತ್ರಿಪೆಟ್ಟಿಗೆಯಿಂದ ಕಣ್ಣು ಕೀಳದೆ. "ಬಿಸಿ ತಾಗೋಕ್ಕೆ ಮುಂಚೆನೇ ಪುಡಿಪುಡಿ ಆಗ್ತಿತ್ತು."

ಹನ್ನೆರಡು ಹೆಂಗಸರೂ ನಕ್ಕೆವು. ಮೇಸ್ತ್ರಿ ಕಿಂಡಿಯ ಸರಳಿಗೆ ಕೋಲಿನಿಂದ ಬಡಿದು, "ಮುಂಡೇವಾ, ಹಲ್ಲು ಉದುರಿಸ್ತೀನಿ" ಎಂದ. ಹೋಗುವ ಮುಂಚೆ ಬಾಗಿಲ ಹೊರಗಿನ ಚಿಲಕವನ್ನು ಒಮ್ಮೆ ಅಲ್ಲಾಡಿಸಿ ಭದ್ರವಾಗಿದೆಯೇ ಎಂದು ನೋಡಿದ. ಲಟಕ್, ಲಟಕ್. ದಿನಕ್ಕೆ ಹತ್ತು ಸಲ ಆ ಸದ್ದು ಕೇಳಿ ಕೇಳಿ ನಮಗೆ ಗಡಿಯಾರವೇ ಬೇಕಾಗಿರಲಿಲ್ಲ.

ನಮ್ಮದು ಲಾಂಡ್ರಿ. ಮುಂದಿನ ಬೀದಿಯಲ್ಲಿ ಗಾಜಿನ ಗೋಡೆಯ ದೊಡ್ಡ ಸಭಾಭವನ, ಅದರ ಹಿಂದಿನ ಗಲ್ಲಿಯಲ್ಲಿ ನಾವು. ಅಲ್ಲಿ ಲೋಕದ ದೇಶಗಳೆಲ್ಲ ಸೇರಿ ಮಾತಾಡುತ್ತವೆ. ಮಾತಾಡಿ ಎದ್ದ ಮೇಲೆ ಮೇಜುಬಟ್ಟೆ, ಪರದೆ, ಕೋಟು, ಬಾವುಟ ಎಲ್ಲ ನಮ್ಮ ತೊಟ್ಟಿಗೆ ಬಂದು ಬೀಳುತ್ತವೆ. ಮಾತಿನ ಕಲೆ ಬೇಗ ಹೋಗುತ್ತದೆ, ಕಾಫಿಯದ್ದೇ ಕಷ್ಟ.

ದೇಶಗಳ ಹೆಸರು ನಮಗೆ ಗೊತ್ತಿಲ್ಲ, ಗುಣ ಗೊತ್ತು. ಒಂದು ದೇಶ ಕೆಂಪು ಬಿಡುತ್ತದೆ, ಅದನ್ನು ಯಾರ ಜೊತೆಗೂ ನೆನೆಹಾಕುವಂತಿಲ್ಲ. ಇನ್ನೊಂದು ಎಷ್ಟು ಗಂಜಿ ಕುಡಿಸಿದರೂ ಜೋಲುಬೀಳುತ್ತದೆ. ಮೂಲೆಯ ಕಂಬಕ್ಕೆ ಕಟ್ಟುವ ಒಂದು ಬಡ ದೇಶದ್ದಂತೂ ಎಷ್ಟು ತೆಳ್ಳಗೆಂದರೆ, ಅಜ್ಜಿ ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿ ಜ್ವರ ಬಂದ ಮಗುವನ್ನು ಸವರಿದ ಹಾಗೆ ಇಸ್ತ್ರಿ ಆಡಿಸುತ್ತಾಳೆ. ನಮ್ಮಲ್ಲೊಬ್ಬಳು ಬಾಯಿಬಡುಕಿ ಅಕ್ಕ ಇದ್ದಾಳೆ, ಅವಳನ್ನು ರೇಡಿಯೋ ಎಂದೇ ಕರೆಯುವುದು. ಯಾವ ಎರಡು ದೇಶಕ್ಕೆ ಜಗಳ ಹತ್ತಿದೆ ಎಂದು ಹೇಗೋ ತಿಳಿದುಕೊಂಡು, ಅವೆರಡನ್ನೂ ಬೇಕೆಂದೇ ಒಂದರ ಮೇಲೊಂದು ಮಡಿಸಿಟ್ಟು, "ಮಲ್ಕೊಳ್ರಪ್ಪ, ಬೆಳಗಾದ್ಮೇಲೆ ಕಿತ್ತಾಡೋರಂತೆ" ಎನ್ನುತ್ತಾಳೆ.

ಚಿಲಕದ ವಿಷಯ ಹೇಳಬೇಕು. ಹಿಂದೆ ಯಾವಾಗಲೋ ಒಂದು ಮೇಜುಬಟ್ಟೆ ಕಾಣೆಯಾಗಿತ್ತಂತೆ. ಅದನ್ನು ಕಂಡವರೂ ಇಲ್ಲ, ಕದ್ದವರೂ ಇಲ್ಲ. ಅಂದಿನಿಂದ ನಾವು ಒಳಗೆ ಬಂದ ಕೂಡಲೇ ಬಾಗಿಲಿಗೆ ಹೊರಗಿನಿಂದ ಚಿಲಕ. ಉಚ್ಚೆಗೆ ಹೋಗಬೇಕಾದರೂ ಕಿಂಡಿಯಲ್ಲಿ ಕೂಗಬೇಕು, ಮೇಸ್ತ್ರಿಯ ಕಿವಿಗೆ ಬೀಳುವವರೆಗೆ ಕಟ್ಟಿಕೊಂಡಿರಬೇಕು.

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಾಯ್ಲರಿನ ಹಬೆಯ ಪೈಪು ಒಡೆಯಿತು. ಹತ್ತಿರ ನಿಂತಿದ್ದವಳು ನನ್ನ ಚಿಕ್ಕಮ್ಮ, ಅಜ್ಜಿಯ ಕಿರಿಮಗಳು. ಅವಳು ಓಡಿಹೋಗಿ ಬಾಗಿಲನ್ನು ಹೆಗಲಿನಿಂದ ನೂಕಿದಳು. ಹೊರಕ್ಕೆ ತೆರೆಯುವ ಬಾಗಿಲು ಅದು. ಚಿಲಕ ಒಂದಿಲ್ಲದಿದ್ದರೆ ಬೆಕ್ಕು ನೂಕಿದರೂ ತೆರೆಯುವಂಥದ್ದು. ಮೇಸ್ತ್ರಿ ಟೀ ಕುಡಿಯಲು ಹೋಗಿದ್ದ. ಕುಡಿದು, ಲೋಟ ಇಟ್ಟು, ಬಂದ.

ಮೂರನೆಯ ದಿನ ಆಸ್ಪತ್ರೆಯಲ್ಲಿ ಚಿಕ್ಕಮ್ಮ, "ಅವ್ವಾ, ಆ ಚಿಲಕ ಬಿಚ್ಚಿಸು" ಎಂದಳು. ಅಜ್ಜಿ, "ಬಿಚ್ಚಿಸ್ತೀನಿ ಕಣವ್ವ" ಎಂದಳು. ನಾನು ಹಾಸಿಗೆಯ ಕಾಲ ಬಳಿ ನಿಂತಿದ್ದೆ. ಚಿಕ್ಕಮ್ಮನ ಕೊನೆಯ ಮಾತು ಅದೇ.

ನಮ್ಮಲ್ಲಿ ಪ್ರತಿ ಹೆಂಗಸಿಗೂ ಒಂದೊಂದು ಬಣ್ಣದ ದಾರವಿದೆ. ಮಡಿಸಿದ ಗಂಟಿಗೆ ಅವರವರ ದಾರ ಕಟ್ಟಬೇಕು, ಸುಕ್ಕಿದ್ದರೆ ಯಾರನ್ನು ಬೈಯಬೇಕೆಂದು ಮೇಸ್ತ್ರಿಗೆ ಗೊತ್ತಾಗಬೇಕಲ್ಲ. ಚಿಕ್ಕಮ್ಮನದು ಹಳದಿ. ಆ ಹಳದಿ ಉಂಡೆ ಆರು ವರ್ಷದಿಂದ ಕಪಾಟಿನ ಮೇಲೆ ಹಾಗೇ ಕೂತಿದೆ. ಆರು ವರ್ಷದಿಂದ ಪ್ರತಿ ತಿಂಗಳ ಮೊದಲ ದಿನ ಅಜ್ಜಿ ಕಿಂಡಿಗೆ ಹೋಗಿ, "ಮೇಸ್ತ್ರಿ, ಚಿಲಕ ಬಿಚ್ಚಪ್ಪ" ಎನ್ನುತ್ತಾಳೆ. ಮೇಸ್ತ್ರಿ ಪ್ರತಿ ತಿಂಗಳೂ, "ನಿನ್ನ ಮಗಳು ಪೈಪಿನ ಬಾಯಿಗೆ ಹೋಗಿ ನಿಂತ್ಕೊಂಡಿದ್ದು ಚಿಲಕದ ತಪ್ಪಾ?" ಎನ್ನುತ್ತಾನೆ.

ಹೀಗಿರುವಾಗ ಒಂದು ಕೋಟು ಬಂತು.

ಕೋಟಿನ ಜೇಬಿನಲ್ಲಿ ಸಿಕ್ಕಿದ್ದನ್ನೆಲ್ಲ ತಗಡಿನ ಡಬ್ಬಿಗೆ ಹಾಕಿ, ಗುರುತಿನ ದಾರ ಕಟ್ಟಿ, ವಾರಸುದಾರರಿಗೆ ಹಿಂದಿರುಗಿಸುವುದು ಲಾಂಡ್ರಿಯ ಕಟ್ಟಳೆ. ಪೆನ್ನು, ಗುಂಡಿ, ಹಲ್ಲುಕಡ್ಡಿ, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲು. ಈ ಕೋಟಿನಲ್ಲಿ ಒಂದು ತೆಳು ಪುಸ್ತಕವಿತ್ತು. ಒಂದೇ ವಿಷಯ, ಹತ್ತು ಭಾಷೆ. ಕೊನೆಯದು ನಮ್ಮದು.

"ಓದೇ," ಎಂದಳು ಅಜ್ಜಿ. ಒಂಬತ್ತನೇ ಕ್ಲಾಸಿನವರೆಗೆ ಓದಿದವಳು ಅಲ್ಲಿ ನಾನೊಬ್ಬಳೇ. ಇಸ್ತ್ರಿಯ ಲಯಕ್ಕೆ ಹೊಂದಿಸಿಕೊಂಡು ಓದುತ್ತಾ ಹೋದೆ. ಮುನ್ನುಡಿಯಲ್ಲಿ ಮಾನವ ಘನತೆ ಇತ್ತು, ಲೋಕದ ಸಹೋದರತ್ವ ಇತ್ತು. ರೇಡಿಯೋ ಆಕಳಿಸಿದಳು. ಆಮೇಲೆ ಒಂಬತ್ತನೆಯ ವಿಧಿ ಬಂತು: 'ಜನರು ಒಳಗೆ ಕೆಲಸ ಮಾಡುತ್ತಿರುವಾಗ ಯಾವುದೇ ಕೆಲಸದ ಸ್ಥಳದ ಬಾಗಿಲನ್ನು ಹೊರಗಿನಿಂದ ಭದ್ರಪಡಿಸತಕ್ಕದ್ದಲ್ಲ.'

ಇಸ್ತ್ರಿಗಳೆಲ್ಲ ನಿಂತವು.

"ಇನ್ನೊಂದ್ಸಲ ಓದು."

ಓದಿದೆ. ಕೊನೆಯ ಪುಟದಲ್ಲಿ ಸಹಿ ಹಾಕಿದ ದೇಶಗಳ ಪಟ್ಟಿ ಇತ್ತು. ನಮ್ಮದೂ ಇತ್ತು, ಮೇಲಿನಿಂದ ಐದನೆಯದು. ಬಹಳ ಉತ್ಸಾಹದಿಂದ ಓಡಿಬಂದು ಹಾಕಿದ ಸಹಿ.

"ಯಾವಾಗ ಹಾಕಿದ್ದು?"

"ಹನ್ನೊಂದು ವರ್ಷ ಆಯ್ತಜ್ಜಿ."

ಅಜ್ಜಿ ಬೆರಳು ಮಡಿಚಿದಳು. "ಹಂಗಾದ್ರೆ ನನ್ನ ಮಗಳು ಬಾಗ್ಲು ನೂಕೋವಾಗ ಈ ಕಾಗದಕ್ಕೆ ಐದು ವರ್ಷ," ಎಂದಳು. "ನಡೆಯೋ ವಯಸ್ಸು. ಅಲ್ಲಿಂದಿಲ್ಲಿಗೆ ಒಂದು ಗಲ್ಲಿ ದಾಟೋಕಾಗ್ಲಿಲ್ವಲ್ಲೇ ಅದಕ್ಕೆ."

ರಜೆಯ ದಿನ ಅಜ್ಜಿ ನನ್ನನ್ನು ಕರೆದುಕೊಂಡು ಕಾರ್ಮಿಕ ಇಲಾಖೆಗೆ ಹೋದಳು. ಅಧಿಕಾರಿಯ ಕೋಣೆಯಲ್ಲಿ ಎರಡು ಖಾಲಿ ಕುರ್ಚಿಗಳಿದ್ದವು. ಒಂದರ ಮೇಲೆ ಅವನ ಚೀಲ, ಇನ್ನೊಂದರ ಮೇಲೆ ಅವನ ಊಟದ ಡಬ್ಬಿ ಕುಳಿತಿದ್ದವು.

"ಅಲ್ಲೇ ನಿಂತ್ಕೊಳ್ಳಮ್ಮ, ಕಾರ್ಪೆಟ್ ಮೇಲೆ ಬರಬೇಡ. ಬ್ಲೀಚಿಂಗ್ ವಾಸನೆ ಹಿಡಿಯುತ್ತೆ." ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. "ಎಲ್ಲಿ ಕದ್ದೆ?"

"ಸಿಕ್ಕಿದ್ದು ಸ್ವಾಮಿ. ವಾಪಸ್ ಕೊಡ್ತೀವಿ. ಅದ್ರಲ್ಲಿ ಬಾಗ್ಲು ಹಾಕಬಾರ್ದು ಅಂತ ಇದೆ."

"ಇದೆ. ಇದು ಅಂತಾರಾಷ್ಟ್ರೀಯ ಒಪ್ಪಂದ."

"ನಮ್ಮ ದೇಶದ ಸಹಿನೂ ಇದೆ."

"ಸಹಿ ಬೇರೆ, ಜಾರಿ ಬೇರೆ ಕಣಮ್ಮ. ನಿಶ್ಚಿತಾರ್ಥ ಆಗಿದೆ, ಮದುವೆ ಆಗಿಲ್ಲ ಅಂದ್ಕೋ."

"ಹನ್ನೊಂದು ವರ್ಷ ಯಾವ ಗಂಡು ಸ್ವಾಮಿ ಕಾಯೋದು?"

ಬಾಗಿಲಲ್ಲಿದ್ದ ಜವಾನ ನಕ್ಕುಬಿಟ್ಟ. ಅಧಿಕಾರಿಗೆ ಸಿಟ್ಟು ಬಂತು. "ನೋಡು, ಇದು ದೇಶಕ್ಕೂ ದೇಶಕ್ಕೂ ಆದ ಮಾತು. ಪಾಲಿಸಿಲ್ಲ ಅಂತ ಕೇಳ್ಬೇಕಾದ್ರೆ ಇನ್ನೊಂದು ದೇಶ ಬಂದು ಕೇಳ್ಬೇಕು. ಬಟ್ಟೆ ಒಗೆಯೋ ಮುದುಕಿ ಅಲ್ಲ. ನೀನೇನು ದೇಶಾನಾ? ಹೇಳು, ದೇಶಾನಾ ನೀನು?"

"ಅಲ್ಲ ಸ್ವಾಮಿ."

"ಮತ್ತೆ? ನಡಿ."

ಬೀದಿಗೆ ಬಂದೆವು. ನನಗೆ ಅಳು ಬರುತ್ತಿತ್ತು. ತಿರುವಿನಲ್ಲಿ ಅಜ್ಜಿ ಥಟ್ಟನೆ ನಿಂತಳು.

"ದೇಶ ಕೇಳ್ಬೇಕಂತೆ ಕಣೇ."

"ಹೂಂ ಅಜ್ಜಿ."

"ಒಂದು ದೇಶ ಸಾಕಂತೆ." ಅವಳ ಹೊಟ್ಟೆ ಕುಲುಕತೊಡಗಿತು. ಗೋಡೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಹುಚ್ಚಿ, ನಮ್ಮ ಹತ್ರ ನೂರೆಂಬತ್ತಿದಾವಲ್ಲೇ!"

ಆಗ ನನಗೆ ಕಥೆ ನೆನಪಾಯಿತು. "ಅಜ್ಜಿ, ಆ ರಾಕ್ಷಸನ ಜೀವ ಎಲ್ಲಿತ್ತು?"

"ನೀನೇ ದಿನಾ ಮಡಿಸಿ ಇಡ್ತಿದೀಯಲ್ಲೇ."

ಆ ಒಪ್ಪಂದವನ್ನೇ ಹೊಗಳುವುದಕ್ಕೆ ಮುಂದಿನ ವಾರ ಮಹಾಸಭೆ ಇತ್ತು. ಬೆಳಿಗ್ಗೆ ಹತ್ತಕ್ಕೆ ಬಾವುಟಗಳೆಲ್ಲ ಕಂಬದ ಮೇಲಿರಬೇಕು. ನಾವು ಐದೂವರೆಗೇ ಬಂದೆವು. ಲಟಕ್ ಎಂದು ಚಿಲಕ ಬಿತ್ತು. ಎಂಟಕ್ಕೆಲ್ಲ ನೂರೆಂಬತ್ತೂ ಗರಿಗರಿಯಾಗಿ ಮೇಜಿನ ಮೇಲೆ ಮಲಗಿದ್ದವು. ಅಜ್ಜಿ ಮೊದಲು ಬಾಯ್ಲರ್ ಆರಿಸಿದಳು. ಆಮೇಲೆ ಎರಡು ಒದ್ದೆ ಮೇಜುಬಟ್ಟೆಗಳನ್ನು ಹಗ್ಗದಂತೆ ಹೊಸೆದು ಬಾಗಿಲ ಹಿಡಿಯಿಂದ ಬಾಯ್ಲರಿನ ಕಂಬಕ್ಕೆ ಬಿಗಿದಳು. ಒದ್ದೆ ಬಟ್ಟೆಯ ಗಂಟು ಎಳೆದಷ್ಟೂ ಬಿಗಿ. ಇದು ನಮಗೆ ಗೊತ್ತು, ಮೇಸ್ತ್ರಿಗೆ ಗೊತ್ತಿಲ್ಲ.

ಎಂಟೂವರೆಗೆ ವ್ಯಾನು ಬಂತು. ಮೇಸ್ತ್ರಿ ಚಿಲಕ ತೆಗೆದು ಬಾಗಿಲು ಎಳೆದ. ಬರಲಿಲ್ಲ. ಮತ್ತೆ ಎಳೆದ. ಕಿಂಡಿಗೆ ಓಡಿಬಂದ.

"ಏನ್ರೇ ಇದು?"

"ಬಾಗ್ಲು ಮೇಸ್ತ್ರಿ," ಎಂದಳು ರೇಡಿಯೋ. "ಇಷ್ಟು ದಿನ ನೀನು ಹಾಕ್ತಿದ್ದೆ, ಇವತ್ತು ನಾವು ಹಾಕಿದೀವಿ. ಕೆಲ್ಸ ಹಂಚ್ಕೋಬೇಕಲ್ವಾ?"

"ಸೂಳೆಮಕ್ಕಳಾ, ತೆಗೀರಿ! ಬಾಗ್ಲು ಒಡೀತೀನಿ!"

ರೇಡಿಯೋ ನೀಲಿ ಕಲಸಿದ ಬಕೆಟ್ಟನ್ನು ಎತ್ತಿ ಬಾವುಟಗಳ ಮೇಲೆ ಹಿಡಿದಳು. "ಒಡಿ. ಎಲ್ಲಾ ದೇಶನೂ ಒಂದೇ ಬಣ್ಣ ಆಗ್ಲಿ. ಒಗ್ಗಟ್ಟು ಒಗ್ಗಟ್ಟು ಅಂತ ಬಾಯಿ ಬಡ್ಕೋತಾವಲ್ಲ ಪಾಪ, ಅದೂ ಆಗಿಹೋಗ್ಲಿ."

ಮೇಸ್ತ್ರಿಯ ಮುಖ ಒಗೆದ ಬಟ್ಟೆಯಾಯಿತು.

"ಏನು ಬೇಕ್ರೇ ನಿಮಗೆ? ಕೂಲಿನಾ?"

"ಚಿಲಕ ಬಿಚ್ಚು," ಎಂದಳು ಅಜ್ಜಿ.

"ಬಿಚ್ಚಿದೆನಲ್ಲ!"

"ತೆಗೆದಿದೀಯ. ಬಾಗ್ಲಿಂದ ಬಿಚ್ಚು. ಸ್ಕ್ರೂ ಸಮೇತ ನನ್ನ ಕೈಗೆ ಕೊಡು."

"ನಾಳೆಯಿಂದ ಒಬ್ಬಳೂ ಬರ್ಬೇಡಿ!"

"ಹೂಂ. ಸಭೆ ಮುಗಿದ್ಮೇಲೆ ಇವನ್ನೆಲ್ಲ ಒಗೆಯೋಕೆ ನಿನ್ನ ಹೆಂಡ್ತೀನ ಕಳ್ಸು. ಕೆಂಪು ಬಿಡೋ ದೇಶ ಯಾವುದು ಅಂತ ಹೇಳಿ ಕಳ್ಸು, ಪಾಪ."

ಒಂಬತ್ತೂಕಾಲಿಗೆ ಸಭಾಭವನದಿಂದ ಒಬ್ಬ ವಿದೇಶಿ ಹೆಂಗಸು ದಡದಡ ನಡೆದು ಬಂದಳು. ಕುತ್ತಿಗೆಯಲ್ಲಿ ಪಟ್ಟಿ, ಪಟ್ಟಿಯಲ್ಲಿ ಅವಳದೇ ಫೋಟೋ. ಹಿಂದೆ ನಮ್ಮ ಭಾಷೆ ಬಲ್ಲ ದುಭಾಷಿ. ಅವನ ಕೋಟು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಎಡ ಕಂಕುಳಲ್ಲಿ ನಾನೇ ಹಾಕಿದ ಹೊಲಿಗೆ.

"ಅಣ್ಣಾ, ನಿಮ್ಮ ಪುಸ್ತಕ," ಎಂದು ಸರಳಿನ ನಡುವಿನಿಂದ ಕೊಟ್ಟೆ. "ಜೇಬಲ್ಲೇ ಇತ್ತು. ಒಂಬತ್ತನೇದು ಓದಿ ಹೇಳಿ ಅವ್ರಿಗೆ."

ಅವನು ಓದಿದ. ಅವಳ ಭಾಷೆಯಲ್ಲಿ ಹೇಳಿದ. ಅವಳು ಬಾಗಿಲನ್ನು ನೋಡಿದಳು, ಚಿಲಕವನ್ನು ನೋಡಿದಳು, ಕೈಗಡಿಯಾರವನ್ನು ನೋಡಿದಳು. ಮೆಲ್ಲಗೆ ಬಹಳ ಮಾತಾಡಿದಳು.

"ಈ ಕಟ್ಟಡ ಗುತ್ತಿಗೆದಾರರದ್ದು, ನಮ್ಮ ಸಂಸ್ಥೆಯ ವ್ಯಾಪ್ತಿಗೆ ಬರಲ್ಲ ಅಂತಿದಾರೆ," ಎಂದ ದುಭಾಷಿ ನೆಲ ನೋಡುತ್ತಾ. "ತುಂಬಾ ವಿಷಾದ ಅಂತೆ. ವರದಿಯಲ್ಲಿ ಸೇರಿಸ್ತಾರಂತೆ."

"ಸೇರಿಸ್ಲಪ್ಪ," ಎಂದಳು ಅಜ್ಜಿ. "ಬಾವುಟ ನಮ್ಮ ವ್ಯಾಪ್ತಿಯಲ್ಲಿದೆ ಅನ್ನು. ಅದನ್ನೂ ಸೇರಿಸ್ಕೋಬೇಕಂತೆ ಅನ್ನು."

ದುಭಾಷಿ ತಲೆ ಎತ್ತಿದ. ಆಮೇಲೆ ಹೇಳಿದ, ಒಂದಕ್ಷರ ಬಿಡದೆ ಹೇಳಿರಬೇಕು. ಹೆಂಗಸು ಗಡಿಯಾರವನ್ನು ಮತ್ತೊಮ್ಮೆ ನೋಡಿ, ಮೇಸ್ತ್ರಿಯ ಕಡೆ ತಿರುಗಿ ಚುಟುಕಾಗಿ ಏನೋ ಕೇಳಿದಳು.

"ಎಷ್ಟು ಸ್ಕ್ರೂ ಇದೆ ಅಂತ ಕೇಳ್ತಿದಾರೆ," ಎಂದ ದುಭಾಷಿ.

"ನಾಲ್ಕು," ಎಂದ ಮೇಸ್ತ್ರಿ.

ಹನ್ನೊಂದು ವರ್ಷದ ಒಪ್ಪಂದಕ್ಕೆ ಬೇಕಾಗಿದ್ದುದು ನಾಲ್ಕು ಸ್ಕ್ರೂ.

ವ್ಯಾನಿನ ಡ್ರೈವರ್ ಸ್ಕ್ರೂಡ್ರೈವರ್ ಕೊಟ್ಟ. ಮೇಸ್ತ್ರಿ ಮಂಡಿಯೂರಿ ಕುಳಿತ. ಮೂರು ಬಂದವು. ನಾಲ್ಕನೆಯದು ತುಕ್ಕು ಹಿಡಿದು ಬಣ್ಣದಡಿ ಹೂತುಹೋಗಿತ್ತು, ಅಲ್ಲಾಡಲಿಲ್ಲ. "ಇದು ಬರಲ್ಲ," ಎಂದ ಬೆವರು ಒರೆಸಿಕೊಂಡು.

ಅಜ್ಜಿ ಹೊಲಿಗೆ ಯಂತ್ರದ ಪಕ್ಕದಿಂದ ಎಣ್ಣೆಯ ಬುಡ್ಡಿ ತಂದು ಕಿಂಡಿಯಲ್ಲಿ ಚಾಚಿದಳು. "ಎರಡು ಹನಿ ಬಿಡು. ಅವಸರ ಮಾಡ್ಬೇಡ. ಆರು ವರ್ಷ ಕಾದಿದೀನಿ, ಇನ್ನೈದು ನಿಮಿಷ ಕಾಯಕ್ಕಾಗಲ್ವಾ?"

ಗಲ್ಲಿಯ ಪಕ್ಕದ ಮನೆಗಳವರೆಲ್ಲ ಬಂದು ನಿಂತಿದ್ದರು. ಸಭಾಭವನದ ಮುಂದೆ ನೂರೆಂಬತ್ತು ಕಂಬಗಳು ಬೋಳಾಗಿ ಆಕಾಶ ನೋಡುತ್ತಿದ್ದವು. ಕಿರ್ ಎಂದು ನಾಲ್ಕನೆಯ ಸ್ಕ್ರೂ ತಿರುಗಿತು.

ಚಿಲಕ ಸರಳಿನ ನಡುವಿನಿಂದ ಒಳಗೆ ಬಂತು. ನಾಲ್ಕು ಸ್ಕ್ರೂಗಳೂ ಬಂದವು, ಅಜ್ಜಿ ಎಣಿಸಿಕೊಂಡಳು. ಕಪಾಟಿನ ಮೇಲಿಂದ ಹಳದಿ ಉಂಡೆ ತೆಗೆಸಿ, ಧೂಳು ಊದಿ, ಒಂದು ಗೇಣು ದಾರ ಹರಿದು ಚಿಲಕಕ್ಕೆ ಕಟ್ಟಿದಳು. ಗಂಟನ್ನು ಎರಡು ಸಲ ಎಳೆದು ನೋಡಿದಳು. ಆಮೇಲೆ ಅದನ್ನು ತಗಡಿನ ಡಬ್ಬಿಯೊಳಗೆ, ವಾರಸುದಾರರು ಬರಬೇಕಾದ ಪೆನ್ನು ಗುಂಡಿಗಳ ಜೊತೆಗೆ ಇಟ್ಟಳು.

ರೇಡಿಯೋ ಒದ್ದೆ ಬಟ್ಟೆಯ ಗಂಟು ಬಿಚ್ಚಿದಳು. ನಾವೆಲ್ಲ ಮುಂದೆ ಬಂದೆವು. "ಯಾರೂ ಮುಟ್ಬೇಡಿ," ಎಂದಳು ಅಜ್ಜಿ.

ಹೆಗಲು ಕೊಡಲಿಲ್ಲ, ಅಂಗೈ ಒತ್ತಲಿಲ್ಲ. ಒಂದು ಬೆರಳು ಇಟ್ಟಳು.

ಬೆಕ್ಕು ನೂಕಿದರೂ ತೆರೆಯುವ ಬಾಗಿಲು. ತೆರೆಯಿತು.