ಹರಳಿನೊಳಗಿನ ಗುಳ್ಳೆ

ಬೀಕರಿನ ಬಾಯಿಗೆ ಕಟ್ಟಿದ್ದ ಹಾಳೆ ಸಡಿಲವಾಗಿತ್ತು. ನಾನು ಹಾಗೆ ಕಟ್ಟುವವಳಲ್ಲ. ಒಳಗೆ ಸಣ್ಣ ಹರಳುಗಳೆಲ್ಲ ಇದ್ದವು, ದೊಡ್ಡದೊಂದೇ ಇರಲಿಲ್ಲ.

"ಕರಗಿರ್ಬೇಕು ಬಿಡಮ್ಮ, ಸೆಖೆ ಇತ್ತಲ್ಲ," ಎಂದ ಸೀನಿಯರ್. ಸದಾ ಕುಲುಮೆಯ ಮುಂದೆಯೇ ಕೂತಿರುತ್ತಾನೆಂದು ಅವನಿಗೆ ‘ಕಮ್ಮಾರ’ ಎಂದೇ ಹೆಸರು.

ದೊಡ್ಡದು ಕರಗಿ ಚಿಕ್ಕವು ಉಳಿಯುವುದುಂಟೇ? ಹಾಳೆಯನ್ನು ಮತ್ತೆ ಬಿಗಿಯಾಗಿ ಕಟ್ಟಿದೆ.

ಕಣ್ಣಿಗೆ ಕಾಣದ ಲೇಸರನ್ನು ಹಸಿರು ಬೆಳಕಾಗಿಸುವ ಸಾವಯವ ಹರಳು ನಮ್ಮದು. ಅದರ ಪುಡಿಯನ್ನು ನಾನು ಮೆಥನಾಲಿನಲ್ಲಿ ಕರಗಿಸಿ, ಮೆಥನಾಲನ್ನು ನಿಧಾನವಾಗಿ ಆವಿಯಾಗಲು ಬಿಟ್ಟು ಹರಳು ಬೆಳೆಸುತ್ತಿದ್ದೆ. ಅವನು ಪುಡಿಯನ್ನೇ ಗಾಜಿನ ಕೊಳವೆಯಲ್ಲಿ ಕಾಯಿಸಿ ಕರಗಿಸಿ, ತಣಿಸಿ ಬೆಳೆಸುತ್ತಿದ್ದ. ಯಾರ ವಿಧಾನ ಗೆಲ್ಲುತ್ತದೋ ಅವರಿಗೆ ಪ್ರಾಜೆಕ್ಟಿನಲ್ಲಿ ಜಾಗ. ಇನ್ನೊಬ್ಬರು ಗಂಟುಮೂಟೆ ಕಟ್ಟಬೇಕು.

ಆ ವಾರವೇ ಕಮ್ಮಾರ ನಮ್ಮ ಗೈಡ್ ಮೇಡಂ ಮುಂದೆ ಉಜ್ಜಿ ಹೊಳಪಿಟ್ಟ ಹರಳೊಂದನ್ನು ಇಟ್ಟ. ಲೇಸರ್ ಬಿದ್ದೊಡನೆ ಹಸಿರು ಚಿಮ್ಮಿತು.

"ಭಲೇ! ಕೊನೆಗೂ ನಿನ್ನ ಕೊಳವೆ ಹರಳು ಕೊಡ್ತಲ್ಲೋ," ಎಂದು ಮೇಡಂ ನಕ್ಕರು. "ನೀನೂ ನೋಡು ಬಾ."

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಹರಳಿನ ಮೂಲೆಯಲ್ಲಿ ಒಂದು ಪುಟ್ಟ ಪೊಟರೆ. ಅದರೊಳಗೆ ದ್ರವ, ದ್ರವದಲ್ಲಿ ಗುಳ್ಳೆ. ಹರಳನ್ನು ವಾಲಿಸಿದೆ. ಗುಳ್ಳೆ ಜಾರಿತು.

ಬರೀ ಪುಡಿ ಕರಗಿಸಿದ ಕೊಳವೆಯಲ್ಲಿ ಈ ದ್ರವ ಎಲ್ಲಿಂದ ಬರಬೇಕು? ಬೆಳೆಯುವ ಆತುರದಲ್ಲಿ ಮೆಥನಾಲನ್ನು ಒಳಗೆ ಮುಚ್ಚಿಕೊಳ್ಳುವುದು ನನ್ನ ಬೀಕರಿನ ಹರಳುಗಳ ಕೆಟ್ಟ ಚಾಳಿ. ಹೇಳಿದರೆ ಕಳ್ಳತನ ಬಯಲಾಗುತ್ತದೆ, ಜೊತೆಗೆ ನನ್ನ ವಿಧಾನದ ಹುಳುಕೂ. ಸುಮ್ಮನಿದ್ದರೆ ಹೇಗೂ ಜಾಗ ಅವನದೇ.

"ಏನಮ್ಮ, ಅಲ್ಲೇ ನಿದ್ದೆ ಹೋದ್ಯಾ?" ಕಮ್ಮಾರನ ಕೈ ಹರಳಿನತ್ತ ಬಂತು. ಅಷ್ಟು ಅವಸರವೇಕೆ?

"ಮೇಡಂ," ಎಂದೆ, ಹರಳನ್ನು ಬೆರಳಲ್ಲಿ ಒತ್ತಿ ಹಿಡಿದು. "ಇದರೊಳಗೆ ಮೆಥನಾಲ್ ಇದೆ."

ಮೇಡಂ ಬಗ್ಗಿ ಬಹಳ ಹೊತ್ತು ನೋಡಿದರು. "ಇದು ನಿಂದು ಅಂತೀಯಾ? ಹಾಗಾದ್ರೆ ಈ ದೋಷವೂ ನಿಂದೇ ಆಗುತ್ತೆ. ಯೋಚನೆ ಮಾಡಿ ಹೇಳು."

"ಎರಡೂ ನಂದೇ ಮೇಡಂ."

ಮೇಡಂ ಅವನತ್ತ ತಿರುಗಿದರು. "ಕೊಳವೆ ಒಡೀದೆ ಹರಳು ಹೊರಗೆ ಬರಲ್ಲ. ಒಡೆದ ಚೂರು ತೋರಿಸಪ್ಪ."

ಕಮ್ಮಾರ ಕಸದ ಬುಟ್ಟಿಯ ಕಡೆ ನಡೆದ. ಇನ್ನಾರದೋ ಗಾಜಿನ ಚೂರು ಹೆಕ್ಕಿ ತಂದಾನೆಂದು ನಾನೂ ಅವನ ಬೆನ್ನಿಗೇ ಹೊರಟೆ.