ಬೆನ್ನು ತಿರುಗಿದಾಗ ಹೇಳಿದ ಮಾತು

ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ತುಟಿಯಮ್ಮ ಅಂತ. ಪರದೆಯ ಮೇಲಿನವರ ತುಟಿ ಎಷ್ಟು ಸಲ ಮುಚ್ಚಿತು, ಎಷ್ಟು ಸಲ ತೆರೆಯಿತು ಎಂದು ಎಣಿಸಿ, ಅದಕ್ಕೆ ಸರಿಯಾಗಿ ಕನ್ನಡ ಕೂರಿಸುವುದು ಅವಳ ಕೆಲಸ. ಹನ್ನೆರಡು ವರ್ಷದಿಂದ ಅದನ್ನೇ ಮಾಡಿ ಕೈ ಎಷ್ಟು ಪಳಗಿತ್ತೆಂದರೆ, ಎದುರು ಕೂತು ಹರಟುವವರ ತುಟಿಯನ್ನೂ ಅವಳು ಅರಿವಿಲ್ಲದೆ ಎಣಿಸುತ್ತಿದ್ದಳು.

ಆ ಸೋಮವಾರ ಬಂದದ್ದು ಆಕಾಶನೌಕೆಯ ಧಾರಾವಾಹಿಯ ಇಪ್ಪತ್ತೆರಡನೇ ಕಂತು. ನೌಕೆ ಹೇಗೋ ಕಾಲದ ಬಿರುಕಿಗೆ ಬಿದ್ದು, ಕೌಬಾಯ್‌ಗಳ ಊರೊಂದರಲ್ಲಿ ಇಳಿಯುತ್ತದೆ. ಇಸವಿ ಸಾವಿರದ ಎಂಟುನೂರ ಅರವತ್ತಾರು. ಸೌಂಡ್ ಇಂಜಿನಿಯರ್ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಅವನಿಗೆ ಕಿವಿಯಣ್ಣ ಎಂದು ಹೆಸರು.

"ನಿಲ್ಲಿಸಿ ಕಿವಿಯಣ್ಣ, ಹಿಂದಕ್ಕೆ ಹೋಗಿ. ಕಣಿವೆಗೆ ನುಗ್ಗಿದ ಕುದುರೆ ಯಾವ ಬಣ್ಣ?"

"ಕಂದು."

"ಆಚೆ ಬಂದದ್ದು?"

ಕಿವಿಯಣ್ಣ ಕನ್ನಡಕ ಒರೆಸಿಕೊಂಡ. "ಅಯ್ಯೋ, ಕಪ್ಪು ಕಣಮ್ಮ!"

ಸಂಜೆಯೊಳಗೆ ಹದಿನೇಳು ತಪ್ಪು ಸಿಕ್ಕವು. ನಾಯಕನ ಎಡಗೈಗೆ ಕಟ್ಟಿದ ಪಟ್ಟಿ ಮುಂದಿನ ದೃಶ್ಯದಲ್ಲಿ ಬಲಗೈಯಲ್ಲಿತ್ತು. ಒಂದೇ ದಿನ ಸೂರ್ಯ ಎರಡು ಸಲ ಮುಳುಗಿದ್ದ. ಹೊಲದ ಸುತ್ತ ಮುಳ್ಳುತಂತಿ ಬೇಲಿ. ಮುಳ್ಳುತಂತಿ ಮಾರುಕಟ್ಟೆಗೆ ಬಂದದ್ದೇ ಆಮೇಲೆ ಎಂಟು ವರ್ಷಕ್ಕೆ. ಷೆರೀಫನ ಸೊಂಟದ ಪಿಸ್ತೂಲಿನ ಕಥೆಯೂ ಅಷ್ಟೇ. ಅವನ ಗೋಡೆಯ ಮೇಲಂತೂ ಟೆಲಿಫೋನ್ ಪೆಟ್ಟಿಗೆಯೇ ನೇತಾಡುತ್ತಿತ್ತು, ಅದನ್ನು ಕಂಡುಹಿಡಿಯಬೇಕಾದವನು ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿದ್ದಾಗ!

ಚಾನೆಲ್ಲಿನ ಮೇಡಂ ಮೊದಲೇ ಹೇಳಿಟ್ಟಿದ್ದರು: ಇದ್ದದ್ದನ್ನು ಇದ್ದ ಹಾಗೆ ಕನ್ನಡ ಮಾಡಿ, ಸಾಕು. ತುಟಿಯಮ್ಮನಿಗೆ ಅದು ಸಾಕಾಗುವ ಮಾತಲ್ಲ. ಮುಖ ಕಾಣುವಾಗ ಬರೆಯುವವಳು ತುಟಿಯ ಆಳು, ನಿಜ. ಆದರೆ ಪಾತ್ರ ಬೆನ್ನು ತಿರುಗಿಸಿತೋ, ಆಗ ಅವಳದೇ ರಾಜ್ಯಭಾರ.

ನಾಯಕ ಕಣಿವೆಯಿಂದಾಚೆ ಬೆನ್ನು ತೋರಿಸಿಕೊಂಡು ಹೋಗುವಾಗ ಬರೆದಳು: "ನನ್ನ ಕುದುರೆ ಕುಂಟ್ತಿತ್ತು. ಇದು ಕಳ್ಳರದ್ದು, ಚೆನ್ನಾಗೇ ಓಡತ್ತೆ." ಪಟ್ಟಿಯ ದೃಶ್ಯದಲ್ಲಿ ವೈದ್ಯ ಕಂಬದ ಮರೆಯಲ್ಲಿದ್ದ. ಅವನ ಬಾಯಲ್ಲಿ, "ಗಾಯ ಆಗಿದ್ದು ಈ ಕೈಗೂ ಅಂತ ಮೊದ್ಲೇ ಹೇಳ್ಬಾರ್ದಾ?" ಇಸವಿಯನ್ನು ಓದಿ ಹೇಳುವ ಮುದುಕ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದ, ಪತ್ರಿಕೆಯ ಅಕ್ಷರ ಮಸುಕು. ತುಟಿಯಮ್ಮ 'ಅರವತ್ತಾರು' ಹೊಡೆದುಹಾಕಿ 'ಎಂಬತ್ತೊಂದು' ಎಂದು ಬರೆದಳು. ಬೇಲಿ, ಪಿಸ್ತೂಲು, ಟೆಲಿಫೋನು, ಮೂರೂ ಒಂದೇ ಏಟಿಗೆ ನೆಟ್ಟಗಾದವು. ಆ ಖುಷಿಗೆ ಅವಳು ಎದ್ದು ಕಿಟಕಿಯವರೆಗೆ ಹೋಗಿ ಬಂದಳು. ಎರಡು ಸಲ ಮುಳುಗಿದ ಸೂರ್ಯನಿಗೂ ಸೈನಿಕನೊಬ್ಬನ ಅಳತೆ ತಪ್ಪಿದ ಕೋಟಿಗೂ ಮಾತ್ರ ಏನೂ ಮಾಡಲಾಗಲಿಲ್ಲ.

ಬುಧವಾರ ಬೆಳಿಗ್ಗೆ ಮನೆಯಲ್ಲಿ ತಂತಿ ಕಚೇರಿಯ ದೃಶ್ಯವನ್ನು ಲ್ಯಾಪ್‌ಟಾಪಿನಲ್ಲಿ ಮತ್ತೊಮ್ಮೆ ನೋಡುತ್ತಿದ್ದಳು. ಮೂಲದ ಮಾತು ತೆಗೆದಾಗ ತಂತಿಯ ಸದ್ದೂ ಅದರ ಜೊತೆಗೇ ಹೋಗಿತ್ತು. ಆ ಜಾಗಕ್ಕೆ ಕಿವಿಯಣ್ಣ ಕೀಂ ಕೀಂ ಎಂಬ ಸದ್ದು ಹಾಕಿದ್ದ. ಅಷ್ಟರಲ್ಲಿ ಬಚ್ಚಲುಮನೆಯಿಂದ ದೊಡ್ಡಪ್ಪ ಅರ್ಧ ಗಡ್ಡ ಬೋಳಿಸಿಕೊಂಡು, ಇನ್ನರ್ಧಕ್ಕೆ ನೊರೆ ಮೆತ್ತಿಕೊಂಡೇ ಬಂದರು. ಮೂವತ್ತೊಂದು ವರ್ಷ ತಂತಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು ಅವರು.

"ಏನಮ್ಮ ಅದು ಕೀಂ ಕೀಂ? ಅದು ವೈರ್‌ಲೆಸ್ಸಿನ ಸದ್ದು. ತಂತಿ ಅನ್ನೋದು ಕಟಕಟ ಅನ್ನತ್ತೆ. ಮೇಲಾಗಿ ಅದ್ರಲ್ಲಿ ಒಂದಕ್ಷರಾನೂ ಇಲ್ಲ, ಸುಮ್ನೆ ಒದರ್ತಿದೆ."

"ಹಾಗಾದ್ರೆ ನೀವೇ ಬಂದು ಹೊಡೆದುಕೊಡಿ ದೊಡ್ಡಪ್ಪ."

ಮಧ್ಯಾಹ್ನವೇ ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಅಟ್ಟದಿಂದ ಇಳಿಸಿದ ಹಿತ್ತಾಳೆಯ ಹಳೇ ಯಂತ್ರ ಒಂದು ಕೈಯಲ್ಲಿ, ಬಿಸ್ಕತ್ತಿನ ಖಾಲಿ ಡಬ್ಬ ಇನ್ನೊಂದರಲ್ಲಿ. ಡಬ್ಬವನ್ನು ಯಂತ್ರದ ಹಿಂದಿಟ್ಟರೆ ಸದ್ದು ಖಣಖಣ ಎನ್ನುತ್ತದಂತೆ. ಗದ್ದಲದ ಕಚೇರಿಯಲ್ಲಿ ಅವರೆಲ್ಲ ಹಾಗೇ ಮಾಡುತ್ತಿದ್ದರಂತೆ.

"ಸುದ್ದಿ ಏನು?"

"ಊರಿಗೆ ಬರಬೇಡಿ ಅಂತ."

"ಯಾರಿಂದ, ಯಾರಿಗೆ? ವಿಳಾಸ ಇಲ್ದೆ ನಾನು ತಂತಿ ಕಳಿಸಲ್ಲ."

ಕಿವಿಯಣ್ಣ ಗಡಿಯಾರ ನೋಡಿದ. "ಯಜಮಾನ್ರೇ, ಇರೋದೇ ಒಂಬತ್ತು ಸೆಕೆಂಡು."

"ಒಂಬತ್ತು ಸೆಕೆಂಡಲ್ಲಿ ವಿಳಾಸಾನೂ ಮುಗಿಯಲ್ಲ!" ದೊಡ್ಡಪ್ಪ ಕೈಕಟ್ಟಿ ಕೂತರು.

ತುಟಿಯಮ್ಮ ಅವರ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ವಿಳಾಸ ಆಗ್ಲೇ ಹೋಗಿದೆ ದೊಡ್ಡಪ್ಪ. ಕ್ಯಾಮೆರಾ ಒಳಗೆ ಬರೋ ಮುಂಚೇನೇ. ನಾವು ಕೇಳಿಸ್ಕೊಳ್ಳೋದು ಉಳಿದಿದ್ದನ್ನ."

ದೊಡ್ಡಪ್ಪನಿಗೆ ಅದು ನ್ಯಾಯ ಅನ್ನಿಸಿತು. ಅಂಗಿಯ ತೋಳು ಮಡಚಿ, ಮೊದಲನೇ ಸಲಕ್ಕೇ ಎಂಟೂಮುಕ್ಕಾಲು ಸೆಕೆಂಡಿಗೆ ಮುಗಿಸಿದರು. ಕಿವಿಯಣ್ಣ ಹೆಡ್‌ಫೋನ್ ತೆಗೆದು ಬಾಯ್ಬಿಟ್ಟುಕೊಂಡು ನೋಡುತ್ತಿದ್ದ.

ಶುಕ್ರವಾರ ಮೇಡಂ ಪರೀಕ್ಷೆಗೆ ಬಂದರು. ಅರ್ಧ ಕಂತು ನೋಡಿದರು. ಆಮೇಲೆ ಕೈಯೆತ್ತಿದರು.

"ನಿಲ್ಲಿಸಿ. ಇಸವಿ ಎಂಬತ್ತೊಂದು ಅಂತ ಯಾರು ಹೇಳಿದ್ದು ನಿಮ್ಗೆ?"

"ನಾನೇ ಬದಲಾಯಿಸಿದ್ದು, ಮೇಡಂ." ಬೇಲಿ, ಪಿಸ್ತೂಲು, ಟೆಲಿಫೋನು ಎಲ್ಲವನ್ನೂ ವಿವರಿಸಿದಳು.

"ಸರಿ. ಹಾಗಾದ್ರೆ ಇವನು?" ಮೇಡಂ ಪರದೆಗೆ ಬೆರಳು ತೋರಿಸಿದರು. ಇಪ್ಪತ್ತರ ಆಸುಪಾಸಿನ ಸೈನಿಕ, ಮೈಗಿಂತ ದೊಡ್ಡ ಕೋಟು. ಮುಖ ಪರದೆ ತುಂಬಿತ್ತು. "ಯುದ್ಧ ಮುಗಿದು ವರ್ಷ ಆಯ್ತು, ಇನ್ನೂ ನಿದ್ದೆ ಬರಲ್ಲ, ಅಂತಿದಾನೆ. ಅಮೆರಿಕದ ಆ ಅಂತರ್ಯುದ್ಧ ಮುಗಿದಿದ್ದು ಅರವತ್ತೈದರಲ್ಲಿ. ನಿಮ್ಮ ಲೆಕ್ಕದಲ್ಲಿ ಇವನು ಹಾಲು ಕುಡಿಯೋ ವಯಸ್ಸಲ್ಲೇ ಬಂದೂಕು ಹಿಡಿದಿದ್ದ!"

ಹದಿನೈದು ತಪ್ಪನ್ನು ಮುಚ್ಚಿದವಳು ಹೊಸದೊಂದನ್ನು ಕೈಯಾರೆ ಹುಟ್ಟಿಸಿದ್ದಳು.

"ಅರ್ಧ ಗಂಟೆ ಕೊಡಿ ಮೇಡಂ."

"ಹಳೇ ಇಸವಿ ಹಾಕಿದ್ರೆ ಐದೇ ನಿಮಿಷದ ಕೆಲಸ."

"ಅರ್ಧ ಗಂಟೆ ಕೊಡಿ. ಆಗ್ಲಿಲ್ಲಾಂದ್ರೆ ನಾನೇ ಹಳೇದು ಹಾಕ್ತೀನಿ."

ಒಬ್ಬಳೇ ಕೂತು ಆ ಮುಖವನ್ನು ಮತ್ತೆ ಮತ್ತೆ ಓಡಿಸಿದಳು. ಸೈನಿಕನ ತುಟಿ ಮೂರು ಕಡೆ ಮುಚ್ಚುತ್ತಿತ್ತು. ಇಲ್ಲಿ ಬೆನ್ನಿಲ್ಲ, ಪತ್ರಿಕೆಯಿಲ್ಲ, ಕಂಬವಿಲ್ಲ. ಆರನೇ ಸಲವೋ ಏಳನೇ ಸಲವೋ ಅವಳ ಕಣ್ಣು ತುಟಿ ಬಿಟ್ಟು ಕೋಟಿನ ಮೇಲೆ ಬಿತ್ತು. ತೋಳು ಬೆರಳ ತುದಿಯವರೆಗೂ ಇಳಿಬಿದ್ದಿತ್ತು. ಬಟ್ಟೆಯವರು ಅಳತೆ ತಪ್ಪಿದ್ದರು. ಅವಳ ಪಟ್ಟಿಯಲ್ಲಿ ಅದು ಹನ್ನೊಂದನೇ ತಪ್ಪು, ಮಾತಿನಿಂದ ಮುಚ್ಚಲಾರದೆ ಬಿಟ್ಟದ್ದು. ಪೆನ್ನು ತಾನಾಗಿ ಓಡಿತು. ದನಿ ಕೊಟ್ಟಿದ್ದ ಕಲಾವಿದ ಇನ್ನೂ ಕ್ಯಾಂಟೀನಿನಲ್ಲೇ ಇದ್ದ. ಟೀ ಲೋಟ ಅಲ್ಲೇ ಬಿಡಿಸಿ ಕರೆತಂದಳು.

ಮೇಡಂ ಬಂದು ಕೂತರು. ಪರದೆಯ ಸೈನಿಕ ಮುಖವೆತ್ತಿ ಹೇಳಿದ: "ಇದು ಅಪ್ಪನ ಕೋಟು. ಯುದ್ಧದಿಂದ ಬಂದ. ಇನ್ನೂ ನಿದ್ದೆ ಬಂದಿಲ್ಲ ಅವನಿಗೆ."

ತುಟಿ ಮೂರು ಸಲ, ಮೂರೂ ಸರಿಯಾದ ಜಾಗದಲ್ಲಿ ಮುಚ್ಚಿತು.

ಮೇಡಂ ಕೈಯಿಂದಲೇ ಇನ್ನೊಮ್ಮೆ ಎಂದು ಸನ್ನೆ ಮಾಡಿದರು. ಎರಡನೇ ಸಲ ನೋಡಿದ ಮೇಲೆ ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು. "ಮುಂದಿನ ಸಲ ಬದಲಾಯಿಸೋ ಮುಂಚೆ ನಂಗೊಂದು ಫೋನ್ ಮಾಡಿ," ಎಂದರು. ಮಾಡಬೇಡಿ ಎನ್ನಲಿಲ್ಲ.

ಕಂತು ಪ್ರಸಾರವಾಗಿ ಹತ್ತು ದಿನಕ್ಕೆ ಸ್ಟುಡಿಯೋಗೆ ಒಂದು ಪತ್ರ ಬಂತು. ಬೇರೆ ಊರಿನ ನಿವೃತ್ತ ತಂತಿ ನೌಕರರೊಬ್ಬರ ದುಂಡು ಅಕ್ಷರ. ಆ ಒಂಬತ್ತು ಸೆಕೆಂಡಿನ ಸುದ್ದಿಯನ್ನು ಅವರು ಕಿವಿಯಿಂದಲೇ ಓದಿಕೊಂಡಿದ್ದರು. ಕೈ ಬಹಳ ಶುದ್ಧವಾಗಿದೆ, ಆದರೆ ಆ ದೇಶದ ನೆಲದ ತಂತಿಯಲ್ಲಿ ಆಗ ಬಳಸುತ್ತಿದ್ದ ಸಂಕೇತವೇ ಬೇರೆ, ಇಂಗ್ಲಿಷ್ ವರ್ಣಮಾಲೆಯ ಹನ್ನೊಂದು ಅಕ್ಷರ ನಮ್ಮ ಸಂಕೇತಕ್ಕೆ ಹೊಂದುವುದಿಲ್ಲ, ದಯವಿಟ್ಟು ಗಮನಿಸಿ ಎಂದು ಬರೆದಿದ್ದರು.

ದೊಡ್ಡಪ್ಪನಿಗೆ ಹೇಗೆ ಹೇಳುವುದೆಂದು ತುಟಿಯಮ್ಮ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಳು. ಅವರು ಪತ್ರ ಓದಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು. ಮುಖ ಅರಳಿತು.

"ಕೇಳಿಸ್ಕೊಂಡಿದಾನಲ್ಲೇ! ಒಂದಕ್ಷರ ಬಿಡದೆ ಕೇಳಿಸ್ಕೊಂಡಿದಾನೆ! ಫೋನ್ ನಂಬರ್ ಬರ್ದಿದಾನಾ ನೋಡು."

ಬರೆದಿದ್ದರು. ದೊಡ್ಡಪ್ಪ ಆಗಲೇ ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು.