ಭದ್ರಾಚಾರಿಯ ಗ್ಯಾಸ್ಕೆಟ್ ಸುತ್ತಿಗೆ

ನಾನು ಒಂದು ಸುತ್ತಿಗೆ. ಕಾಲು ಕಿಲೋ ತೂಕ. ಒಂದು ಕಡೆ ಚಪ್ಪಟೆ ಮುಖ, ಇನ್ನೊಂದು ಕಡೆ ನೆಲ್ಲಿಕಾಯಿಯಂಥ ಗುಂಡು ತಲೆ. ಚಿತ್ರದುರ್ಗದಲ್ಲಿ ಐಟಿಐ ಓದುತ್ತಿದ್ದ ಹುಡುಗನೊಬ್ಬ ಪರೀಕ್ಷೆಗೆಂದು ಉಕ್ಕಿನ ತುಂಡೊಂದನ್ನು ಹನ್ನೊಂದು ದಿನ ಅರದಲ್ಲಿ ಉಜ್ಜಿ ನನ್ನನ್ನು ಮಾಡಿದ. ಗುಂಡು ಭಾಗ ಸರಿಯಾಗಿ ಗುಂಡಗಿಲ್ಲ ಎಂದು ಮೇಷ್ಟ್ರು ಎರಡು ಸಲ ವಾಪಸ್ ಕಳಿಸಿದರು. ಮೂರನೆಯ ಸಲ ವಾಪಸ್ ಕಳಿಸದೆ ನನ್ನನ್ನು ಮೇಜಿನ ಮೇಲೆ ಇಟ್ಟುಕೊಂಡರು. ಅಷ್ಟಕ್ಕೇ ಅವನು ಕುಣಿದಾಡಿಬಿಟ್ಟ.

ಆಮೇಲೆ ಅವನಿಗೆ ರೈಲ್ವೆ ಕೆಲಸ ಸಿಕ್ಕಿತು. ಹೊರಡುವ ದಿನ ನನ್ನನ್ನು ಕೋಣೆಯ ಗೆಳೆಯ ಭದ್ರಾಚಾರಿಯ ಕೈಗಿತ್ತ. “ನಿಂಗೇ ಇರ್ಲಿ ಕಣೋ. ನಂಗೆ ಅಲ್ಲಿ ಸರ್ಕಾರದ್ದೇ ಕೊಡ್ತಾರೆ” ಎಂದ. ಹೀಗೆ ನಾನು ಭದ್ರಾಚಾರಿಯ ಊರು ಹಿರಿಯೂರಿಗೆ ಬಂದೆ.

ಭದ್ರಾಚಾರಿ ಹೆದ್ದಾರಿಯ ಬದಿಯಲ್ಲಿ ತಗಡಿನ ಗ್ಯಾರೇಜು ಹಾಕಿ ಮೋಟಾರ್ ಸೈಕಲ್ ರಿಪೇರಿ ಶುರು ಮಾಡಿದ. ಅಲ್ಲಿ ದೊಡ್ಡ ಹೊಡೆತದ ಕೆಲಸಕ್ಕೆ ದೊಡ್ಡ ಸುತ್ತಿಗೆಗಳಿದ್ದವು. ನನಗೆ ಸಿಕ್ಕಿದ್ದು ಪ್ಯಾಕಿಂಗ್ ಕೆಲಸ. ಎಂಜಿನ್ನಿಗೂ ಅದರ ಪಕ್ಕದ ಮುಚ್ಚಳಕ್ಕೂ ನಡುವೆ ತೆಳುವಾದ ಒಂದು ಕಾಗದದ ಪಟ್ಟಿ ಕೂತಿರುತ್ತದೆ. ಪುಸ್ತಕದಲ್ಲಿ ಅದು ಗ್ಯಾಸ್ಕೆಟ್, ಗ್ಯಾರೇಜಿನಲ್ಲಿ ಪ್ಯಾಕಿಂಗ್. ಮುಚ್ಚಳ ಬಿಚ್ಚಿದಾಗ ಅದು ಹೆಚ್ಚಾಗಿ ಹರಿದೇ ಹೋಗುತ್ತದೆ. ಹರಿದದ್ದನ್ನೇ ಹಾಕಿದರೆ ಆಯಿಲ್ ಸೋರುತ್ತದೆ. ಹೊಸ ಗಾಡಿಯದಾದರೆ ಅಂಗಡಿಯಲ್ಲಿ ಸಿಗುತ್ತದೆ. ತಯಾರಿಕೆಯೇ ನಿಂತುಹೋದ ಹಳೇ ಗಾಡಿಗೆ ಕೈಯಲ್ಲೇ ಮಾಡಬೇಕು.

ಭದ್ರಾಚಾರಿ ಅದಕ್ಕೆ ಕತ್ತರಿ ಮುಟ್ಟುತ್ತಿರಲಿಲ್ಲ. ಮುಚ್ಚಳದ ಅಂಚಿಗೆ ಗ್ರೀಸ್ ಸವರಿ, ಮೇಲೆ ಪ್ಯಾಕಿಂಗ್ ಹಾಳೆ ಹಾಸಿ, ನನ್ನ ಗುಂಡು ತಲೆಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋಗುತ್ತಿದ್ದ. ಕೆಳಗಿನ ಲೋಹದ ಅಂಚೇ ಹಾಳೆಯನ್ನು ಕತ್ತರಿಸುತ್ತಿತ್ತು. ಬೋಲ್ಟಿನ ತೂತಿನ ಮೇಲೆ ಬೇರಿಂಗಿನ ಒಂದು ಗುಂಡು ಇಟ್ಟು ನನ್ನಿಂದ ಒಂದೇ ಏಟು. ಹಾಳೆಯಲ್ಲಿ ದುಂಡನೆಯ ತೂತು ಬೀಳುತ್ತಿತ್ತು. ಜೋರಾಗಿ ಹೊಡೆದರೆ ಅಲ್ಯೂಮಿನಿಯಂ ಅಂಚು ಜಜ್ಜಿ ಮುಚ್ಚಳವೇ ಹಾಳು. ಹೊಡೆಯಲಿಕ್ಕೆಂದು ಹುಟ್ಟಿದ ನಾನು ಮೆಲ್ಲಗೆ ತಟ್ಟುವುದನ್ನು ಕಲಿತದ್ದು ಅವನ ಕೈಯಲ್ಲಿ.

ಭದ್ರಾಚಾರಿಗೆ ನಲವತ್ತಾರು ವರ್ಷವಾದಾಗ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಪಕ್ಕದಲ್ಲೇ ಬಿದ್ದಿರುತ್ತಿದ್ದ ನನ್ನನ್ನು ಅವನು ತಡಕಾಡುತ್ತಿದ್ದ. ಸ್ಪ್ಯಾನರ್ ಎಡವಿ ಬೀಳುತ್ತಿದ್ದ. ಹೆಂಡತಿ ಸರೋಜಮ್ಮ ಹಟ ಹಿಡಿದು ದಾವಣಗೆರೆಗೆ ಕರೆದುಕೊಂಡು ಹೋದರು. ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ ಎಂದರು ವೈದ್ಯರು. ಎರಡೇ ವರ್ಷದಲ್ಲಿ ಅವನಿಗೆ ಹಗಲು ಯಾವುದು, ಗೋಡೆ ಯಾವುದು ಎಂಬುದೂ ಕಾಣದಾಯಿತು.

ಗ್ಯಾರೇಜನ್ನು ಜೊತೆಯಲ್ಲೇ ದುಡಿಯುತ್ತಿದ್ದ ಖಲಂದರ್ ವಹಿಸಿಕೊಂಡ. ಉಳಿದ ಸಾಮಾನುಗಳ ಜೊತೆ ನಾನೂ ಅವನ ಪಾಲಾದೆ. ಖಲಂದರ್ ಎಂಜಿನ್ ಕೆಲಸದಲ್ಲಿ ಗಟ್ಟಿಗ. ಆದರೆ ಪ್ಯಾಕಿಂಗ್ ಎಂದರೆ ಪೆನ್ಸಿಲ್ಲು, ಕತ್ತರಿ, ಬೈಗುಳ.

ಒಂದು ಮಧ್ಯಾಹ್ನ ಸರೋಜಮ್ಮನ ಭುಜ ಹಿಡಿದು ಭದ್ರಾಚಾರಿ ಗ್ಯಾರೇಜಿಗೆ ಬಂದ. ಬೆಂಚಿನ ಮೇಲೆ ಕೂತು ಕತ್ತರಿಯ ಸದ್ದಿಗೆ ಕಿವಿಗೊಟ್ಟ.

“ಕತ್ತರೀಲಿ ಮಾಡ್ತಿದೀಯೇನೋ?”

“ಹೂಂ ಅಣ್ಣ. ಏನ್ ಮಾಡ್ಲಿ? ನಿನ್ ಕೈ ನಂಗೆ ಬರಲ್ಲ.”

“ಮುಚ್ಚಳ ಇಲ್ಲಿ ಕೊಡು. ಆ ಸಣ್ಣ ಸುತ್ತಿಗೇನೂ ಕೊಡು.”

“ಅಣ್ಣ, ಕಣ್ಣು...”

“ಅಂಚು ಬೆರಳಿಗೆ ಸಿಗ್ತೈತಲ್ಲೋ. ಕಣ್ಣು ಯಾಕೆ ಬೇಕು?”

ಎರಡು ವರ್ಷದ ಮೇಲೆ ಆ ಕೈ ನನ್ನ ಮರದ ಕಾವನ್ನು ಹಿಡಿಯಿತು. ಹಿಡಿತದಲ್ಲಿ ಬೆವರಿತ್ತು. ಮೊದಲನೆಯ ಹಾಳೆ ಹರಿಯಿತು. ಎರಡನೆಯದು ಜಾರಿ ಓರೆಯಾಯಿತು. ಮೂರನೆಯದರಲ್ಲಿ ನಾನು ಅವನ ಹೆಬ್ಬೆರಳಿನ ಮೇಲೇ ಬಿದ್ದೆ. ಸರೋಜಮ್ಮ “ಸಾಕು ಬನ್ನಿ, ಹೋಗಾಣ” ಎಂದು ಎದ್ದರು. ಅವನು ಏಳಲಿಲ್ಲ. ನಾಲ್ಕನೆಯ ಹಾಳೆ ಕೇಳಿದ. ಈ ಸಲ ಮೊದಲು ಎರಡು ತೂತು ಬೀಳಿಸಿ, ಅವುಗಳಲ್ಲಿ ಬೋಲ್ಟು ತೂರಿಸಿ ಹಾಳೆ ಜಾರದಂತೆ ಮಾಡಿಕೊಂಡ. ಎಡಗೈ ಬೆರಳು ಮುಂದೆ ಮುಂದೆ ಅಂಚನ್ನು ಹುಡುಕುತ್ತ ಹೋಯಿತು. ನಾನು ಹಿಂದೆ ಹಿಂದೆ ತಟ್ಟುತ್ತ ಹೋದೆ. ಸಂಜೆಯ ಹೊತ್ತಿಗೆ ಪ್ಯಾಕಿಂಗ್ ಸಿದ್ಧವಾಗಿತ್ತು. ಖಲಂದರ್ ಅದನ್ನು ಬೆಳಕಿಗೆ ಹಿಡಿದು ನೋಡಿದ. ಮಾರನೆಯ ದಿನ ಬೆಂಚಿನ ಮೇಲೆ ಮೂರು ಮುಚ್ಚಳ ತಂದಿಟ್ಟ.

ಎಂಟು ತಿಂಗಳು ಕೆಲಸ ಚೆನ್ನಾಗಿ ನಡೆಯಿತು. ಆಮೇಲೆ ಆ ಅನಾಹುತವಾಯಿತು.

ಪಾಲಯ್ಯ ಎಂಬ ಹೂವಿನ ವ್ಯಾಪಾರಿ ಇದ್ದ. ದಿನಾ ಬೆಳಗ್ಗೆ ಹಳೇ ಮೋಟಾರ್ ಸೈಕಲ್ಲಿನಲ್ಲಿ ಸೇವಂತಿಗೆ ಮೂಟೆ ಹೇರಿಕೊಂಡು ಚಿತ್ರದುರ್ಗದ ಮಾರುಕಟ್ಟೆಗೆ ಹೋಗುವವನು. ಅವನ ಗಾಡಿಗೆ ಭದ್ರಾಚಾರಿ ಪ್ಯಾಕಿಂಗ್ ಮಾಡಿಕೊಟ್ಟ. ಆ ಮುಚ್ಚಳದಲ್ಲಿ ಬೋಲ್ಟಿನ ತೂತುಗಳಲ್ಲದೆ ಇನ್ನೊಂದು ಪುಟ್ಟ ತೂತಿತ್ತು. ಎಂಜಿನ್ನಿನ ಮೇಲಿನ ಭಾಗಕ್ಕೆ ಆಯಿಲ್ ಹೋಗುವ ದಾರಿ ಅದು. ಗ್ರೀಸ್ ತುಂಬಿ ಮುಚ್ಚಿದ್ದರಿಂದ ಬೆರಳಿಗೆ ಸಿಗಲಿಲ್ಲ. ನಾನು ಅದರ ಮೇಲೇ ಹಾದುಹೋದೆ, ತೂತು ಬೀಳಿಸಲಿಲ್ಲ. ಎರಡನೆಯ ದಿನ ಹೆದ್ದಾರಿಯಲ್ಲಿ ಆಯಿಲ್ ಸಿಗದೆ ಎಂಜಿನ್ ಬಿಗಿದುಕೊಂಡಿತು. ಗಾಡಿ ಜಾರಿತು. ಪಾಲಯ್ಯನ ಮೊಣಕೈ ತರಚಿತು, ಹೂವೆಲ್ಲ ರಸ್ತೆಯ ಪಾಲಾಯಿತು.

ಅವನು ಗಾಡಿಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದ.

“ಕುರುಡನ ಕೈಲಿ ಮಾಡಿಸಿದ್ದು ನಂದೇ ತಪ್ಪು” ಎಂದು ಕಿರುಚಿದ. “ಹಿಂದೆ ಲಾರಿ ಇದ್ದಿದ್ರೆ ನನ್ ಹೆಂಡ್ರು ಮಕ್ಕಳು ಏನಾಗ್ತಿದ್ರು ಆಚಾರಿ?”

ಖಲಂದರ್ ಎಂಜಿನ್ ಬಿಚ್ಚಿದ. ಪ್ಯಾಕಿಂಗ್ ತೆಗೆದು ನೋಡಿದ. ಸುಳ್ಳು ಹೇಳಬಹುದಿತ್ತು, ಹೇಳಲು ಬಾಯಿ ತೆರೆದೂ ಇದ್ದ. ಭದ್ರಾಚಾರಿ ಕೈ ಚಾಚಿ ಆ ಕಾಗದವನ್ನು ಇಸಿದುಕೊಂಡು ಬೆರಳಾಡಿಸಿದ. ತೂತಿರಬೇಕಾದ ಜಾಗದಲ್ಲಿ ಬೆರಳು ನಿಂತಿತು.

“ತಪ್ಪು ನಂದೇ ಪಾಲಣ್ಣ” ಎಂದ. “ಎಂಜಿನ್ ಸರಿ ಮಾಡಿಕೊಡೋದೂ ನಂದೇ.”

ಆ ಮಾದರಿಯ ಪಿಸ್ಟನ್ನು, ಅದು ಓಡಾಡುವ ಬೋರು ಹೊಸದಾಗಿ ಎಲ್ಲೂ ಸಿಗುತ್ತಿರಲಿಲ್ಲ. ಅಂಥದೇ ಇನ್ನೊಂದು ಗಾಡಿ ಊರಿನಲ್ಲಿತ್ತು. ಅದು ಭದ್ರಾಚಾರಿಯದೇ. ಮದುವೆಯಾದ ವರ್ಷ ಕೊಂಡದ್ದು. ಕಣ್ಣು ಹೋದ ಮೇಲೂ ಅದನ್ನು ಮಾರಿರಲಿಲ್ಲ. ದಿನಾ ಬೆಳಗ್ಗೆ ಬಟ್ಟೆಯಲ್ಲಿ ಒರೆಸಿ, ಒಂದು ಸಲ ಸ್ಟಾರ್ಟ್ ಮಾಡಿ, ಸೀಟಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ.

“ಅದೊಂದು ಬೇಡ ರೀ” ಎಂದರು ಸರೋಜಮ್ಮ. “ಆ ಗಾಡೀಲಿ ನಾವು ಸುತ್ತದೇ ಇರೋ ಊರೈತಾ?”

“ನಾನಿನ್ನು ಓಡಿಸಲ್ಲ ಸರೋಜಾ. ಅವನು ಓಡಿಸ್ತಾನೆ.”

ಖಲಂದರ್ ಆ ಗಾಡಿಯ ಎಂಜಿನ್ ಬಿಚ್ಚುವಾಗ ಭದ್ರಾಚಾರಿ ಪಕ್ಕದಲ್ಲೇ ಕೂತಿದ್ದ. ಒಂದೊಂದೇ ಬೋಲ್ಟನ್ನು ಇಸಿದುಕೊಂಡು ಡಬ್ಬಿಗೆ ಹಾಕಿದ. ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ.

ಅದರ ಬೋರು, ಪಿಸ್ಟನ್ನನ್ನು ಪಾಲಯ್ಯನ ಗಾಡಿಗೆ ಕೂರಿಸಿ ಮುಚ್ಚಳ ಹಾಕುವ ಹೊತ್ತು ಬಂತು. ಪ್ಯಾಕಿಂಗ್ ಮತ್ತೆ ಬೇಕು.

“ನೀನು ಮಾಡಿದ್ದು ಹಾಕಿದ್ರೆ ನಾನು ಈ ಗಾಡಿ ಹತ್ತಲ್ಲ” ಎಂದ ಪಾಲಯ್ಯ.

“ಹತ್ತಬೇಡ. ಮೊದಲು ನೋಡು” ಎಂದ ಭದ್ರಾಚಾರಿ.

ಅವನು ಆ ವಾರವೆಲ್ಲ ಯೋಚನೆ ಮಾಡಿದ್ದ. ಮುಚ್ಚಳವನ್ನು ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದ. ಪ್ರತಿ ತೂತಿಗೂ ಬೆಂಕಿಕಡ್ಡಿ ತೂರಿಸಿ ಎಣಿಸಿದ. ಆಮೇಲೆ ಹಾಳೆ ಹಾಸಿ ತಟ್ಟಿದ. ಅಷ್ಟು ನಿಧಾನವಾಗಿ ಅವನು ನನ್ನನ್ನು ಎಂದೂ ಬಳಸಿರಲಿಲ್ಲ. ಕೊನೆಗೆ ಪ್ಯಾಕಿಂಗನ್ನು ಮುಚ್ಚಳದ ಮೇಲೆ ಕೂರಿಸಿ, ಆಯಿಲ್ ದಾರಿಯ ಆಚೆ ತುದಿಗೆ ಬಾಯಿ ಇಟ್ಟು ಊದಿದ.

“ಪಾಲಣ್ಣ, ಈಚೆ ಬೆರಳಿಡು. ಗಾಳಿ ಬರ್ತೈತಾ?”

ಪಾಲಯ್ಯ ಮನಸ್ಸಿಲ್ಲದ ಮನಸ್ಸಿನಿಂದ ಬೆರಳಿಟ್ಟ. “ಬರ್ತೈತೆ.”

“ಉಸಿರು ದಾಟಿದ್ರೆ ಆಯಿಲ್ಲೂ ದಾಟ್ತೈತೆ. ನಾಳೆ ನಿನ್ ಹಿಂದೆ ನಾನೂ ಕೂತ್ಕೋತೀನಿ. ದುರ್ಗಕ್ಕೆ ಹೋಗಿ ಬರಾಣ. ಬಿದ್ರೆ ಇಬ್ರೂ ಬೀಳ್ತೀವಿ.”

ಮಾರನೆಯ ಬೆಳಗ್ಗೆ ಪಾಲಯ್ಯ ಅರ್ಧ ಮೂಟೆಯಷ್ಟೇ ಹೂವು ಹೇರಿಕೊಂಡು ಬಂದ. ಸರೋಜಮ್ಮ ಬಾಗಿಲಲ್ಲಿ ನಿಂತು, “ನಿಧಾನ ಪಾಲಣ್ಣ” ಎಂದಷ್ಟೇ ಹೇಳಿದರು. ಭದ್ರಾಚಾರಿ ಹಿಂದೆ ಕೂತ. ನಾನು ಅವನ ಪ್ಯಾಂಟಿನ ಜೇಬಿನಲ್ಲಿದ್ದೆ. ಮೊದಲ ಹತ್ತು ಕಿಲೋಮೀಟರು ಪಾಲಯ್ಯ ಮೂವತ್ತರ ಮೇಲೆ ಓಡಿಸಲೇ ಇಲ್ಲ. ಲಾರಿಯೊಂದು ಸದ್ದು ಮಾಡುತ್ತ ಪಕ್ಕದಲ್ಲೇ ಹಾದಾಗ ಭದ್ರಾಚಾರಿಯ ಕೈ ಜೇಬಿನೊಳಗೆ ಬಂದು ನನ್ನ ಕಾವನ್ನು ಗಟ್ಟಿಯಾಗಿ ಹಿಡಿಯಿತು. ಐಮಂಗಲ ದಾಟಿದ ಮೇಲೆ ಅವನು ಮುಂದಕ್ಕೆ ಬಾಗಿ ಕೂಗಿದ:

“ಎಂಜಿನ್ ಸದ್ದು ಚೆನ್ನಾಗೈತೆ. ಭಯ ಬೇಡ, ಓಡ್ಸು.”

ಗಾಡಿ ವೇಗ ಹಿಡಿಯಿತು.

ಮಾರುಕಟ್ಟೆಯಲ್ಲಿ ಪಾಲಯ್ಯ ಹೂವು ಇಳಿಸುವ ಮೊದಲೇ ನೆಲಕ್ಕೆ ಕೂತು ಎಂಜಿನ್ನಿನ ಕೆಳಗೆ ಅಂಗೈ ಒತ್ತಿದ. ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಭದ್ರಾಚಾರಿಯ ಕೈ ಹಿಡಿದು ತನ್ನ ಅಂಗೈ ಮುಟ್ಟಿಸಿದ.

“ನೋಡು ಆಚಾರಿ. ಒಂದು ತೊಟ್ಟೂ ಇಲ್ಲ.”

ಭದ್ರಾಚಾರಿ ಆ ಕೈಯನ್ನು ತುಸು ಹೊತ್ತು ಬಿಡಲಿಲ್ಲ. ಪಾಲಯ್ಯ ಅವನ ಕೊರಳಿಗೆ ಒಂದು ಮೊಳ ಸೇವಂತಿಗೆ ಹಾಕಲು ಹೋದ. “ಏಯ್, ನನಗ್ಯಾಕೋ, ಗಾಡಿಗೆ ಹಾಕು” ಎಂದು ಭದ್ರಾಚಾರಿ ನಕ್ಕ. ಕಣ್ಣು ಹೋದ ಮೇಲೆ ನಾನು ಕೇಳಿದ ಅವನ ಮೊದಲ ನಗು ಅದು.

ಆಮೇಲೆ ಹದಿನಾಲ್ಕು ವರ್ಷ ದುಡಿದೆವು. ಚಳ್ಳಕೆರೆಯಿಂದ, ಶಿರಾದಿಂದ, ಒಂದು ಸಲ ಬಳ್ಳಾರಿಯಿಂದಲೂ ಜನ ಹಳೇ ಗಾಡಿಗಳ ಮುಚ್ಚಳಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ನಾನು ಮೂರು ಕಾವು ಬದಲಾಯಿಸಿದೆ. ಭದ್ರಾಚಾರಿಗೆ ಅರವತ್ತು ದಾಟಿತು, ಬಲಗೈ ನಡುಗತೊಡಗಿತು. ಬೆರಳು ಮಾತ್ರ ಇನ್ನೂ ಚುರುಕು. ಒಂದು ದಿನ ಸರೋಜಮ್ಮ ತಾವಾಗಿಯೇ ಬಂದು ಪಕ್ಕದಲ್ಲಿ ಕೂತರು. “ನೀವು ಅಂಚು ತೋರ್ಸಿ, ನಾನು ತಟ್ತೀನಿ” ಎಂದು ನನ್ನನ್ನು ಎತ್ತಿಕೊಂಡರು. ಬಳೆಯ ಸದ್ದಿನ ಜೊತೆಗೆ ಕೆಲಸ ಮಾಡುವುದನ್ನು ನಾನು ಆ ವಯಸ್ಸಿನಲ್ಲಿ ಕಲಿತೆ.

ಈಗ ನನ್ನ ಗುಂಡು ತಲೆ ಸವೆದು ಒಂದು ಕಡೆ ಚಪ್ಪಟೆಯಾಗಿದೆ. ಆ ಮುಖದಿಂದ ತಟ್ಟಿದರೆ ಹಾಳೆ ಹರಿಯುತ್ತದೆ. ಖಲಂದರ್ ಹೊಸದೊಂದು ತಂದುಕೊಟ್ಟಿದ್ದಾನೆ. ನನ್ನನ್ನು ಕಿಟಕಿಯ ಕಟ್ಟೆಯ ಮೇಲೆ, ಫ್ಯಾನಿನ ಗಾಳಿಗೆ ಹಾರದಂತೆ ಪ್ಯಾಕಿಂಗ್ ಹಾಳೆಗಳ ಮೇಲೆ ಇಟ್ಟಿದ್ದಾರೆ. ನನಗೆ ಬೇಸರವಿಲ್ಲ. ನನ್ನಿಂದ ಆದ ತಪ್ಪು ನನಗೆ ನೆನಪಿದೆ. ತಪ್ಪಾದ ಮೇಲೂ ಆ ಮನುಷ್ಯ ಬೆಂಚು ಬಿಟ್ಟು ಏಳಲಿಲ್ಲ ಎಂಬುದೂ ನೆನಪಿದೆ. ಇಲ್ಲಿಂದ ಎಲ್ಲ ಕೇಳಿಸುತ್ತದೆ. ಹೊಸ ಸುತ್ತಿಗೆ ಇನ್ನೂ ಸ್ವಲ್ಪ ಜೋರು.

“ಮೆಲ್ಲಗೆ ಸರೋಜಾ” ಎನ್ನುತ್ತಾನೆ ಅವನು.

“ಮೆಲ್ಲಗೇ ಹೊಡೀತಿದೀನಿ. ನೀವು ಬೆರಳು ತೆಗೀರಿ” ಎನ್ನುತ್ತಾರೆ ಅವರು.

ತಟ್ಟುವ ಸದ್ದು ಮುಂದುವರಿಯುತ್ತದೆ.